ಕೂದಲು ಬರಿಸೋ ಕೆಂಪು ಲೈಟಿನ ಹೆಲ್ಮೆಟ್: ತಲೆಗೆ, ಕಣ್ಣಿಗೆ ಏನೂ ಆಗಲ್ವಾ?

ಹದಡಿ_ರೋಡ್:
ದಾವಣಗೆರೆ, ದುರ್ಗದ ಕಡೆ ತಿಳಿದೋರು ಸ್ವಲ್ಪ ಹೇಳ್ರಪ್ಪ. ಕೂದ್ಲು ಉದುರೋದಕ್ಕೆ ಕೆಂಪು ಲೈಟಿನ ಹೆಲ್ಮೆಟ್, ಟೋಪಿ, ಬಾಚಣಿಗೆ ಅಂತ ಆನ್‌ಲೈನಲ್ಲಿ ಬೇಕಾದಷ್ಟು ಬಂದಾವೆ. ನಾಕೈದು ಸಾವಿರದ್ದೂ ಐತಿ, ಲಕ್ಷ ಮುಟ್ಟೋದೂ ಐತಿ. ಪಾರ್ಲರ್‌ನೋರು ಸಿಟ್ಟಿಂಗ್ ಲೆಕ್ಕ ಹೇಳ್ತಾರೆ. ಕೂದ್ಲು ಬರ್ತತೋ ಇಲ್ವೋ ಆಮೇಲಿನ ಮಾತು, ಮೊದ್ಲು ಸೇಫಾ ಅಂತ ಗೊತ್ತಾಗ್ಬೇಕು. ಕ್ಯಾನ್ಸರ್ ಬರ್ತತಿ ಅಂತ ಒಬ್ರು, ಕಣ್ಣು ಹೋಗ್ತತಿ ಅಂತ ಇನ್ನೊಬ್ರು, ಮೆದುಳಿಗೆ ಕಾವು ಹತ್ತತತಿ ಅಂತ ಮತ್ತೊಬ್ರು. ಕೂದ್ಲಿಗೆ ನೆತ್ತಿಗೆ ಹಚ್ಚೋ ಮಿನಾಕ್ಸಿಡಿಲ್ ಔಷಧಿ ಜೊತೆ ನಡೀತತಾ? "ಡಾಕ್ಟ್ರನ್ನ ಕೇಳಿ" ಅಂತ ಒಂದೇ ಲೈನ್ ಬರೆದು ಹೋಗೋರು ಬ್ಯಾಡ್ರಿ.

ಬೆಣ್ಣೆ_ಜಾಸ್ತಿ:
ಲೈಟ್ ಬಿಟ್ರೆ ಕೂದ್ಲು ಬರೋ ಹಂಗಿದ್ರೆ ಏಪ್ರಿಲ್ ಬಿಸಿಲಿಗೆ ನಮ್ಮೂರಾಗೆ ಒಬ್ಬನೂ ಬೋಳ ಇರ್ತಿರ್ಲಿಲ್ಲ.

ಡಯೋಡ್_ಮೇಷ್ಟ್ರು:
@ಬೆಣ್ಣೆ_ಜಾಸ್ತಿ ನಗೋದು ಸರಿ, ಆದ್ರೆ ಬಿಸಿಲಲ್ಲಿ ಅತಿನೇರಳೆಯೂ ಇರುತ್ತೆ. ಈ ಹೆಲ್ಮೆಟ್‌ಗಳಲ್ಲಿ ಅದಿಲ್ಲ. ಇವು ಬಳಸೋದು ಹೆಚ್ಚಾಗಿ ಕೆಂಪು, ತರಂಗಾಂತರ 630ರಿಂದ 680 ನ್ಯಾನೋಮೀಟರ್ (ಮುಂದೆ ಬೆಳಕಿಗೆ ಹೇಳೋ ಅಂಕಿ ಎಲ್ಲಾ ಇದೇ ಅಳತೆ). ಹೆಚ್ಚಿನವು 650-655ರ ಸುತ್ತ.

ಕ್ಯಾನ್ಸರ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 655ರ ಬೆಳಕಿನ ಒಂದು ಫೋಟಾನ್‌ಗೆ, ಅಂದ್ರೆ ಬೆಳಕಿನ ಒಂದು ಕಣಕ್ಕೆ, ಸುಮಾರು 1.9 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಚರ್ಮ ಸುಡೋ 300ರ ಅತಿನೇರಳೆಗೆ 4.1. ಡಿಎನ್‌ಎಗೆ ನೇರ ಏಟು ಹಾಕೋದು ಆ ಅತಿನೇರಳೆ, ಕೆಂಪಿಗೆ ಅಷ್ಟು ತಾಕತ್ತಿಲ್ಲ.

ಕಾವಿನ ಲೆಕ್ಕನೂ ಹಾಕಿಬಿಡೋಣ. 80 ಲೇಸರ್ ಡಯೋಡ್ (ಬೆಳಕು ಬಿಡೋ ಸಣ್ಣ ಬಿಡಿಭಾಗ), ಒಂದೊಂದು 5 ಮಿಲಿವ್ಯಾಟ್, ಒಟ್ಟು 400. ನೆತ್ತಿ ಸುಮಾರು 500 ಚದರ ಸೆಂ.ಮೀ. ಅಂತ ಇಟ್ಕೊಂಡ್ರೆ ಚದರ ಸೆಂ.ಮೀ.ಗೆ 0.8 ಮಿಲಿವ್ಯಾಟ್. ನಡು ಮಧ್ಯಾಹ್ನದ ಬಿಸಿಲು ಅದೇ ಜಾಗಕ್ಕೆ 100 ಮಿಲಿವ್ಯಾಟ್ ಹತ್ತಿರ ಸುರಿಯುತ್ತೆ. ಮೆದುಳು ಬೇಯೋ ಮಾತೇ ಇಲ್ಲ. ಹೆಲ್ಮೆಟ್ ಒಳಗೆ ಬೆಚ್ಚಗಾಗೋದು ಬೆಳಕಿಂದಲ್ಲ. ಡಯೋಡ್‌ಗೆ ಹೋದ ಕರೆಂಟಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಶಾಖ ಆಗುತ್ತಲ್ಲ, ಅದರಿಂದ.

ಕೋಟೆ_ಕಲ್ಲು:
ಫಿಸಿಕ್ಸ್ ಚೆನ್ನಾಗೈತೆ ಮೇಷ್ಟ್ರೇ. ಆದ್ರೆ ಔಷಧಿ, ವೈದ್ಯಕೀಯ ಸಾಧನ ನೋಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿದೆ ಅಂತ ಮಾರ್ತಾರಲ್ಲ, ಅದೇ ದೊಡ್ಡ ಮೋಸ. 2007ರಲ್ಲಿ ಹೇರ್‌ಮ್ಯಾಕ್ಸ್ ಲೇಸರ್ ಬಾಚಣಿಗೆಗೆ ಗಂಡಸರ ಮಟ್ಟಿಗೆ ಸಿಕ್ಕಿದ್ದು 510(ಕೆ) ಕ್ಲಿಯರೆನ್ಸ್, ಹೆಂಗಸರಿಗೆ 2011ರಲ್ಲಿ. ಮಾರುಕಟ್ಟೇಲಿ ಮೊದಲೇ ಇರೋ ಸಾಧನಕ್ಕೆ ಇದು ಸರಿಸಮ ಅಂತ ತೋರಿಸಿದ್ರೆ ಸಿಗೋ ದಾರಿ ಅದು. ಹೊಸ ಮಾತ್ರೆಗೆ ಮಾಡೋ ಥರದ ಪರೀಕ್ಷೆ ಅಲ್ಲ. ಇನ್ನು "ಎಫ್‌ಡಿಎ ರಿಜಿಸ್ಟರ್ಡ್" ಅಂತ ಬರ್ಕೊಂಡಿದ್ರೆ ಅದಕ್ಕೆ ಬೆಲೆನೇ ಇಲ್ಲ. ಫೀಸು ಕಟ್ಟಿ ಕಂಪನಿ ಹೆಸರು ಬರೆಸಿದ್ರೆ ಆಯ್ತು. ಕೆ ಅಕ್ಷರ, ಮುಂದೆ ಆರು ಅಂಕಿ ಇರೋ ನಂಬರ್ ಕೇಳಿ. ಎಫ್‌ಡಿಎ ವೆಬ್‌ಸೈಟಲ್ಲಿ ಹುಡುಕಿದ್ರೆ ಯಾವ ಮಾಡೆಲ್ಲಿಗೆ ಕೊಟ್ಟಿದ್ದು ಅಂತ ಗೊತ್ತಾಗುತ್ತೆ. ಒಂದು ಮಾಡೆಲ್ಲಿನ ನಂಬರ್ ತೋರಿಸಿ ಬೇರೆ ಡಬ್ಬ ಮಾರೋರೂ ಇದಾರೆ.

ಚರ್ಮ_ವಿಭಾಗ:
ಕೋಟೆ_ಕಲ್ಲು ಹೇಳಿದ್ದು ಸರಿ. ಆದ್ರೆ ಪೂರ್ತಿ ಬೂಸಿ ಅಂತ ತಳ್ಳಿಹಾಕೋ ಹಾಗೂ ಇಲ್ಲ. 2014ರಲ್ಲಿ ಪ್ರಕಟವಾದ ಲೇಸರ್ ಬಾಚಣಿಗೆಯ ಪ್ರಯೋಗದಲ್ಲಿ ನಕಲಿ ಬಾಚಣಿಗೆ ಕೊಟ್ಟ ಗುಂಪೂ ಇತ್ತು. 26 ವಾರ ಆದ್ಮೇಲೆ ಅಸಲಿ ಬಳಸಿದವರಿಗೆ ಚದರ ಸೆಂ.ಮೀ.ಗೆ ಸುಮಾರು 20 ಕೂದಲು ಹೆಚ್ಚಾಗಿತ್ತು. ಖರ್ಚು ಕಂಪನಿಯದ್ದೇ, ಅದನ್ನ ಮನಸ್ಸಲ್ಲಿಟ್ಟು ಓದಬೇಕು. ಗಂಭೀರ ಅಡ್ಡಪರಿಣಾಮ ಅಂತೂ ಕಂಡಿಲ್ಲ.

ಸಣ್ಣಪುಟ್ಟವು ಇರ್ತವೆ: ನೆತ್ತಿ ಒಣಗೋದು, ತುರಿಕೆ, ಸ್ವಲ್ಪ ಕೆಂಪಾಗೋದು, ಕೆಲವರಿಗೆ ತಲೆನೋವು, ಹಣೆ ಅಂಚಲ್ಲಿ ಮೊಡವೆ. ಜನ ಹೆದರಿ ನಿಲ್ಲಿಸೋದು ಮೊದಲ ಒಂದೆರಡು ತಿಂಗಳಲ್ಲಿ ಕೂದಲು ಜಾಸ್ತಿ ಉದುರಿದಾಗ. ವಿಶ್ರಾಂತಿ ಹಂತದಲ್ಲಿದ್ದ ಕೂದಲು ಜಾಗ ಬಿಟ್ಟು ಹೊಸದು ಬೆಳೆಯೋ ಹಂತಕ್ಕೆ ಹೋಗೋವಾಗ ಹೀಗಾಗುತ್ತೆ, ತಾನೇ ನಿಲ್ಲುತ್ತೆ. ಮೂರು ತಿಂಗಳು ದಾಟಿದ್ರೂ ನಿಲ್ಲದಿದ್ರೆ ಕಾರಣ ಬೇರೆ, ತೋರಿಸಿ.

ಯಾರು ಹಾಕ್ಕೊಳ್ಳಲೇಬಾರದು ಅಂದ್ರೆ: ನೆತ್ತಿ ಮೇಲೆ ಚರ್ಮದ ಕ್ಯಾನ್ಸರ್ ಇದ್ದವರು, ಅಥವಾ ಬಣ್ಣ, ಆಕಾರ ಬದಲಾಯಿಸ್ತಿರೋ ಮಚ್ಚೆ ಇರೋರು. ಕೆಂಪು ಬೆಳಕು ಕ್ಯಾನ್ಸರ್ ಹುಟ್ಟಿಸುತ್ತೆ ಅಂತಲ್ಲ. ಜೀವಕೋಶಕ್ಕೆ ಚುರುಕು ಕೊಡೋದೇ ಇದರ ಕೆಲಸ ಆಗಿರೋದ್ರಿಂದ ಮೊದಲೇ ಕೆಟ್ಟ ಕೋಶ ಇರೋ ಕಡೆ ಬಿಡಬಾರದು. ಪೋರ್ಫೈರಿಯಾ, ಲೂಪಸ್ ಥರ ಬೆಳಕಿಗೆ ಚರ್ಮ ಕೆರಳೋ ಕಾಯಿಲೆ ಇರೋರಿಗೂ ಬೇಡ. ಗರ್ಭಿಣಿಯರ ಮೇಲೆ ಪರೀಕ್ಷೆ ಆಗಿಲ್ಲ, ಹಾಗಾಗಿ ಆ ಸಮಯಕ್ಕೆ ಬಿಡೋದೇ ಒಳ್ಳೇದು. ಮಿಟುಕಿಸೋ ಮೋಡ್ ಇರೋ ಹೆಲ್ಮೆಟ್ ಮೂರ್ಛೆ ರೋಗ ಇರೋರಿಗೆ ಬೇಡ.

ಔಷಧಿ_ಅಂಗಡಿ_ಅಕ್ಕ:
ಮಾತ್ರೆ ವಿಷಯ ಬಿಟ್ರಲ್ಲ ಸರ್. ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡೋ ಹೈಡ್ರೋಕ್ಲೋರೋಥಯಜೈಡ್, ಹೃದಯದ ಬಡಿತಕ್ಕೆ ಕೊಡೋ ಅಮಿಯೋಡರೋನ್, ಇವು ತಗೊಳ್ಳೋರಿಗೆ ಬೆಳಕು ತಾಗಿದ್ರೆ ಚರ್ಮ ಸುಟ್ಟ ಹಾಗಾಗುತ್ತೆ. ಮೊಡವೆಗೆ ಡಾಕ್ಸಿ ನುಂಗೋ ಹುಡುಗರೇ ಈ ಹೆಲ್ಮೆಟ್ ಕೇಳೋದು ಜಾಸ್ತಿ.

ಡಯೋಡ್_ಮೇಷ್ಟ್ರು:
ಅಕ್ಕಾ, ನೀವು ಹೇಳಿದ ಮಾತ್ರೆಗಳು ಕೆರಳೋದು ಮುಖ್ಯವಾಗಿ ಅತಿನೇರಳೆಗೆ, ಕೆಂಪಿಗಲ್ಲ. ಕೈಪಿಡಿಯಲ್ಲಿ ಎಲ್ಲಾ ಸೇರಿಸಿ ಬರೀತಾರೆ, ಜಾಗ್ರತೆಗೆ. ಕೆಂಪಿಗೇ ಕೆರಳೋವು ಬೇರೆ ಇವೆ, ಅವೇ ಅಪಾಯ. ಚರ್ಮದ ಚಿಕಿತ್ಸೆಗೆ ಹಚ್ಚೋ ಅಮೈನೋಲೆವ್ಯುಲಿನಿಕ್ ಆಮ್ಲ 630ರ ಬೆಳಕಿಗೂ ಕೆಲಸ ಮಾಡುತ್ತೆ. ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣದ ರಾಸಾಯನಿಕ 660ರ ಹತ್ತಿರ ಬೆಳಕು ಹೀರುತ್ತೆ. ಈ ನೀಲಿ ಹನಿಯನ್ನ ಈಗ ಶಕ್ತಿ ಹೆಚ್ಚಿಸುತ್ತೆ ಅಂತ ಆನ್‌ಲೈನಲ್ಲಿ ಮಾರ್ತಾರೆ. ಅದನ್ನ ಕುಡಿದು 650ರ ಹೆಲ್ಮೆಟ್ ಹಾಕೋದು ಹುಚ್ಚುತನ.

ಔಷಧಿ_ಅಂಗಡಿ_ಅಕ್ಕ:
ಒಪ್ಪಿದೆ, ಆದ್ರೂ ಅಗ್ಗದ ಟೋಪಿಯಿಂದ ಏನೇನು ಬೆಳಕು ಬರುತ್ತೋ ಯಾರು ಅಳೆದಿದ್ದಾರೆ? ಏಳು ಬಣ್ಣ ಅಂತ ನೀಲಿನೂ ಇಟ್ಟಿರ್ತಾರೆ. ಮಾತ್ರೆ ಚೀಟಿ ತೋರಿಸಿ ಕೇಳೋದ್ರಲ್ಲಿ ನಷ್ಟ ಇಲ್ಲ. ಇನ್ನೊಂದು, ಬಾವಂಚಿ ಎಣ್ಣೆ. ತೊನ್ನಿಗೆ ಹಚ್ಚೋದನ್ನ ಕೂದಲಿಗೂ ಹಚ್ತಾರೆ ಕೆಲವರು. ಅದರಲ್ಲಿ ಬಿಸಿಲಿಗೆ ಚರ್ಮ ಕೆರಳಿಸೋ ಸೋರಾಲೆನ್ ಇದೆ, ಹಚ್ಚಿ ಬಿಸಿಲಿಗೆ ಹೋದ್ರೆ ಬೊಬ್ಬೆ ಬರುತ್ತೆ. ಅದಕ್ಕೆ ಕೆಂಪು ಲೈಟು ಕಾರಣ ಅಲ್ಲ, ಆದ್ರೆ ಬೈಗುಳ ತಿನ್ನೋದು ಹೆಲ್ಮೆಟ್ಟು.

ಮಂಡಕ್ಕಿ_ಗಿರಾಕಿ:
ವಾರಕ್ಕೆ ಮೂರು ದಿನ ಅಂತ ಬರ್ದಿರ್ತಾರೆ. ದಿನಾ ಒಂದೊಂದು ತಾಸು ಹಾಕ್ಕೊಂಡ್ರೆ ಬೇಗ ಬರಂಗಿಲ್ವಾ?

ಚರ್ಮ_ವಿಭಾಗ:
ಇಲ್ಲ. ಈ ಚಿಕಿತ್ಸೆಯಲ್ಲಿ ಕಮ್ಮಿ ಡೋಸ್ ಚುರುಕು ಕೊಡುತ್ತೆ, ಒಂದು ಮಟ್ಟ ಮೀರಿದ್ರೆ ಅದೇ ಬೆಳಕು ಕೋಶದ ಕೆಲಸ ತಗ್ಗಿಸುತ್ತೆ. ಬಾಚಣಿಗೆ ಆದ್ರೆ ವಾರಕ್ಕೆ ಮೂರು ಸಲ, ಮಾಡೆಲ್ ಮೇಲೆ 8ರಿಂದ 15 ನಿಮಿಷ. ಹೆಲ್ಮೆಟ್‌ಗಳಲ್ಲಿ ದಿನ ಬಿಟ್ಟು ದಿನ 25 ನಿಮಿಷ ಅನ್ನೋದು ಸಾಮಾನ್ಯ. ನಿಮ್ಮ ಸಾಧನದ ಕೈಪಿಡಿಯಲ್ಲಿ ಏನಿದೆಯೋ ಅಷ್ಟೇ. ಬೇರೆ ಬ್ರ್ಯಾಂಡಿನ ಲೆಕ್ಕ ತಂದು ಇದಕ್ಕೆ ಹಾಕಬೇಡಿ, ಡಯೋಡ್ ಸಂಖ್ಯೆ, ತಲೆಗಿರೋ ದೂರ ಎಲ್ಲಾ ಬೇರೆ. ಆರು ತಿಂಗಳಿಗೆ ಮುಂಚೆ ಬಂತು, ಬರಲಿಲ್ಲ ಅಂತ ತೀರ್ಮಾನ ಮಾಡೋಕೂ ಆಗಲ್ಲ.

ಡಯೋಡ್_ಮೇಷ್ಟ್ರು:
ಮೇಲಿನ ಲೆಕ್ಕ ಮುಂದುವರಿಸಿ: 0.8 ಮಿಲಿವ್ಯಾಟ್, 25 ನಿಮಿಷ ಅಂದ್ರೆ 1500 ಸೆಕೆಂಡು. ಚದರ ಸೆಂ.ಮೀ.ಗೆ 1.2 ಜೂಲ್. ಒಂದು ತಾಸು ಹಾಕಿದ್ರೆ 2.9. ದಿನಾ ಹಾಕಿದ್ರೆ ವಾರದ ಲೆಕ್ಕ ಇನ್ನೂ ಮೇಲೆ. ಮಂಡಕ್ಕಿಗೆ ಖಾರ ಸುರಿದಂಗೆ, ಜಾಸ್ತಿ ಆದ್ರೆ ರುಚಿ ಹೆಚ್ಚಲ್ಲ.

ಕೋಟೆ_ಕಲ್ಲು:
ಕಣ್ಣಿನ ಬಗ್ಗೆ ಯಾರೂ ಹೇಳ್ಲಿಲ್ಲ. ನನಗೆ ಇದೇ ಮುಖ್ಯ ಅನ್ಸೋದು. ಮನೇಲಿ ಮಕ್ಕಳು ಹೆಲ್ಮೆಟ್ ತಲೆಕೆಳಗೆ ಮಾಡಿ ಒಳಗೆ ನೋಡ್ತವೆ.

ಡಯೋಡ್_ಮೇಷ್ಟ್ರು:
ಕಣ್ಣೇ ನಿಜವಾದ ಅಪಾಯ, ಹೌದು. ಲೇಸರ್‌ಗಳನ್ನ ಅಪಾಯದ ಮಟ್ಟದ ಮೇಲೆ ವರ್ಗ ಮಾಡ್ತಾರೆ. ಮನೆ ಬಳಕೆಯ ಲೇಸರ್ ಸಾಧನಗಳು ಸಾಮಾನ್ಯವಾಗಿ 3ಆರ್ ವರ್ಗ, ಕಣ್ಣಿಗೆ ಕಾಣೋ ಬೆಳಕಿಗೆ ಅದರ ಮಿತಿ 5 ಮಿಲಿವ್ಯಾಟ್. ಆಕಸ್ಮಾತ್ ಕಣ್ಣಿಗೆ ಬಿದ್ರೆ ಕಾಲು ಸೆಕೆಂಡಲ್ಲಿ ರೆಪ್ಪೆ ಮುಚ್ಚಿಕೊಳ್ಳುತ್ತೆ, ಬಹುಪಾಲು ಕಾಪಾಡೋದು ಅದೇ. ಬೇಕಂತಲೇ ದಿಟ್ಟಿಸಿದ್ರೆ ಕಾಪಾಡಲ್ಲ.

ಕೊಳ್ಳೋ ಮುಂಚೆ ಮೂರು ನೋಡಿ. ಲೇಸರ್ ವರ್ಗ ಬರೆದ ಹಳದಿ ಚೀಟಿ ಇದೆಯಾ. ತಲೆಯಿಂದ ತೆಗೆದ ತಕ್ಷಣ ತಾನೇ ಆರೋ ಸೆನ್ಸರ್ ಇದೆಯಾ, ಟೇಬಲ್ ಮೇಲಿಟ್ಟು ಆನ್ ಮಾಡಿದ್ರೆ ಹತ್ತಬಾರದು. ಮೂರನೇದು, ಕಣ್ಣಿಗೆ ಕಾಣದ 850ರ ಡಯೋಡ್ ಸೇರಿಸಿದ್ದಾರಾ. ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ, ಬರಿಗಣ್ಣಿಗೆ ಆರಿದ ಹಾಗೆ ಇರೋ ಬಲ್ಬು ಪರದೆ ಮೇಲೆ ತಿಳಿ ನೇರಳೆಯಾಗಿ ಕಂಡ್ರೆ ಅದು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಲ್ಲ, ಅದಕ್ಕೇ ಜಾಸ್ತಿ ಹುಷಾರಾಗಿರಬೇಕು. ಬಾಚಣಿಗೆ ಬಳಸೋರು ಹಣೆ ಕಡೆಯಿಂದ ಹಿಂದಕ್ಕೆ ಎಳೀರಿ, ಕನ್ನಡಿ ಎದುರು ಬೇಡ, ಕನ್ನಡಿಯಿಂದಲೂ ಕಣ್ಣಿಗೆ ಹೊಡೆಯುತ್ತೆ.

ಜಡೆ_ಉದ್ದ:
ಗಂಡಸರ ಮಾತೇ ಆಯ್ತು. ಸೊಂಟದ ತನಕ ಕೂದ್ಲು ಇರೋರಿಗೆ ಹೆಲ್ಮೆಟ್ ಬೆಳಕು ನೆತ್ತಿಗೆ ಮುಟ್ಟುತ್ತಾ? ಎಣ್ಣೆ ಹಚ್ಚಿರೋ ದಿನ ಹಾಕ್ಕೋಬಹುದಾ?

ಚರ್ಮ_ವಿಭಾಗ:
ಮುಟ್ಟೋದು ಕಮ್ಮಿ. ಕಪ್ಪು ಕೂದಲು ಕೆಂಪು ಬೆಳಕು ನುಂಗುತ್ತೆ. ಬೈತಲೆ ಅಗಲ ಆಗೋ ಥರದ ಉದುರುವಿಕೆ ಇದ್ರೆ ಹಲ್ಲಿರೋ ಬಾಚಣಿಗೆ ಅಥವಾ ಬ್ಯಾಂಡ್ ಮಾದರಿ ವಾಸಿ, ಹಲ್ಲು ಕೂದಲನ್ನ ಸೀಳಿ ಬೆಳಕಿಗೆ ದಾರಿ ಮಾಡುತ್ತೆ. ಬೈತಲೆಯಿಂದ ಒಂದೊಂದು ಇಂಚು ಪಕ್ಕಕ್ಕೆ ಹೊಸ ಬೈತಲೆ ತೆಗೆದು ಸಾಲಾಗಿ ಮಾಡ್ಕೊಂಡು ಹೋಗಬೇಕು. ಹೆಲ್ಮೆಟ್ಟೇ ಇದ್ರೆ ಜಡೆ ಬಿಚ್ಚಿ ನಾಲ್ಕೈದು ಬೈತಲೆ ತೆಗೆದು ಹಾಕಿ.

ಎಣ್ಣೆ ಹಚ್ಚಿದ ದಿನ ಬೇಡ. ಹರಳೆಣ್ಣೆ, ಕೊಬ್ಬರಿ ಎಣ್ಣೆ ಸಾಧನದ ಮಸೂರದ (ಲೆನ್ಸ್) ಮೇಲೆ ಕೂತು ಧೂಳು ಹಿಡಿಯುತ್ತೆ. ಬೋಳು ಮುಚ್ಚೋ ಕಪ್ಪು ಪುಡಿ ಹಾಕಿದ್ರೂ ಬೆಳಕು ಒಳಗೆ ಹೋಗಲ್ಲ. ತೊಳೆದು ಒಣಗಿದ ತಲೆಗೆ ಮಾತ್ರ.

ಔಷಧಿ_ಅಂಗಡಿ_ಅಕ್ಕ:
ಮಿನಾಕ್ಸಿಡಿಲ್ ಕ್ರಮ ನಾನು ಹೇಳ್ತೀನಿ. ಮೊದಲು ಲೈಟು, ಆಮೇಲೆ ಔಷಧಿ. 5 ಪರ್ಸೆಂಟ್ ದ್ರಾವಣದಲ್ಲಿ ಆಲ್ಕೋಹಾಲ್ ಇರುತ್ತೆ, ಬೆಂಕಿ ಹತ್ತೋ ಪದಾರ್ಥ. ಒದ್ದೆ ತಲೆಗೆ ಹೆಲ್ಮೆಟ್ ಕವಿಚಬೇಡಿ. ಒಳಗೆ ಅಂಟು ಕಟ್ಟುತ್ತೆ, ಉರಿ ಜಾಸ್ತಿ ಆಗುತ್ತೆ. ಬೆಳಿಗ್ಗೆ ಹಚ್ಚಿದ್ರೆ ಸಂಜೆ ಲೈಟು, ಅದಾದ ಮೇಲೆ ರಾತ್ರಿ 1 ಎಂಎಲ್.

ಎರಡನ್ನೂ ಒಂದೇ ದಿನ ಶುರು ಮಾಡಬೇಡಿ. ತುರಿಕೆ ಬಂದ್ರೆ ಯಾವುದರಿಂದ ಅಂತ ಗೊತ್ತಾಗಲ್ಲ. ದ್ರಾವಣದಲ್ಲಿರೋ ಪ್ರೊಪಿಲೀನ್ ಗ್ಲೈಕಾಲ್‌ಗೇ ಎಷ್ಟೋ ಜನಕ್ಕೆ ನೆತ್ತಿ ಕೆರೆಯುತ್ತೆ. ಅವರಿಗೆ ಅದಿಲ್ಲದ ನೊರೆ ಮಾದರಿ ಇದೆ. ಒಂದು ಶುರು ಮಾಡಿ ಆರೆಂಟು ವಾರ ಬಿಟ್ಟು ಇನ್ನೊಂದು. ಹೊಟ್ಟು ಜಾಸ್ತಿ ಇದ್ರೆ ಮೊದಲು ಅದನ್ನ ಇಳಿಸಿ. ಕೀಟೋಕೊನಜೋಲ್ 2 ಪರ್ಸೆಂಟ್ ಶಾಂಪೂ ವಾರಕ್ಕೆರಡು ಸಲ, ಐದು ನಿಮಿಷ ಬಿಟ್ಟು ತೊಳೆಯೋದು.

ಹೊಳಲ್ಕೆರೆ_ಬಸ್:
ಇದೆಲ್ಲಾ ಬ್ಯಾಡ. ನಮ್ ಕಡೆ ಬೋರ್‌ವೆಲ್ ನೀರೇ ಕಾರಣ. ಫ್ಲೋರೈಡ್ ನೀರಲ್ಲಿ ತಲೆ ಸ್ನಾನ ಮಾಡಿದ್ರೆ ಹೆಲ್ಮೆಟ್ ಅಲ್ಲ, ಕಿರೀಟ ಇಟ್ಟರೂ ಕೂದ್ಲು ನಿಲ್ಲಲ್ಲ.

ಚರ್ಮ_ವಿಭಾಗ:
ಫ್ಲೋರೈಡ್ ಕುಡಿದ್ರೆ ಹಲ್ಲು, ಮೂಳೆ ಕೆಡಿಸುತ್ತೆ, ತಲೆ ತೊಳೆದ್ರೆ ಬುಡ ಉದುರಲ್ಲ. ಗಡಸು ನೀರಿನ ಸುಣ್ಣದಂಶ ಕೂದಲನ್ನ ಒರಟು ಮಾಡಿ ನಡುವಲ್ಲಿ ಮುರಿಸುತ್ತೆ. ಮುರಿದ ಕೂದಲಿಗೆ ಬುಡದ ಬಿಳಿ ಗುಂಡು ಇರಲ್ಲ, ಉದುರಿದ್ದಕ್ಕೆ ಇರುತ್ತೆ. ನೋಡಿ ತಿಳ್ಕೋಬಹುದು. ಹಣೆಯ ಎರಡೂ ಮೂಲೆ ಹಿಂದೆ ಸರಿಯೋದು, ನೆತ್ತಿ ತೆಳ್ಳಗಾಗೋದು ವಂಶವಾಹಿ ಮತ್ತು ಹಾರ್ಮೋನಿನ ಕೆಲಸ. ನೀರು ಬದಲಾಯಿಸಿದ್ರೆ ನಿಲ್ಲಲ್ಲ.

ಹೊಳಲ್ಕೆರೆ_ಬಸ್:
ಬೆಂಗಳೂರಿಗೆ ಹೋದೋರಿಗೆ ಜಾಸ್ತಿ ಉದುರುತ್ತಲ್ಲ ಮತ್ತೆ?

ಬೆಣ್ಣೆ_ಜಾಸ್ತಿ:
ಅದು ಬಾಡಿಗೆ ಚಿಂತೆಗೆ.

ಚರ್ಮ_ವಿಭಾಗ:
ಈ ನೀರಿನ ಜಗಳ ಬಿಟ್ಟು ಒಂದು ಮುಖ್ಯ ವಿಷಯ. ಲೈಟಿನ ದೊಡ್ಡ ನಷ್ಟ ಚರ್ಮಕ್ಕಲ್ಲ, ತಪ್ಪು ಕಾಯಿಲೆಗೆ ಬಳಸಿ ತಿಂಗಳುಗಟ್ಟಲೆ ಕಳೆಯೋದು. ಡೆಂಗಿ, ಟೈಫಾಯ್ಡ್, ಹೆರಿಗೆ ಆಗಿ ಎರಡು ಮೂರು ತಿಂಗಳಿಗೆ ಹಿಡಿ ಹಿಡಿ ಕೂದಲು ಹೋಗುತ್ತೆ, ಆರು ತಿಂಗಳಲ್ಲಿ ಹೆಚ್ಚಾಗಿ ತಾನೇ ವಾಪಸ್ ಬರುತ್ತೆ. ಆಗ ಹೆಲ್ಮೆಟ್ ಕೊಂಡವರು ಅದಕ್ಕೇ ಹೆಸರು ಕೊಡ್ತಾರೆ. ಥೈರಾಯ್ಡ್, ಕಬ್ಬಿಣದಂಶ ಕಮ್ಮಿ ಇದ್ದು ಉದುರಿದ್ರೆ ಲೈಟು ಏನೂ ಮಾಡಲ್ಲ. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಫೆರಿಟಿನ್ (ಕಬ್ಬಿಣದ ದಾಸ್ತಾನು), ಹಿಮೋಗ್ಲೋಬಿನ್ ನೋಡಿಸಿ. ನಾಣ್ಯದ ಹಾಗೆ ದುಂಡಗೆ ಬೋಳಾಗೋದು, ಜನ ಹುಳ ತಿಂದಿದೆ ಅಂತಾರಲ್ಲ, ಅದಕ್ಕೆ ಬೇರೆ ಚಿಕಿತ್ಸೆ. ಅದಕ್ಕೆ ಬಳಸೋ 308ರ ಎಕ್ಸೈಮರ್ ಅನ್ನೋ ಯಂತ್ರದ ಬೆಳಕು ಅತಿನೇರಳೆ, ಆಸ್ಪತ್ರೆಯಲ್ಲೇ ಆಗಬೇಕು, ಈ ಕೆಂಪು ಟೋಪಿಗೂ ಅದಕ್ಕೂ ಸಂಬಂಧ ಇಲ್ಲ.

ಬುಡದ ಸುತ್ತ ಕೆಂಪು, ಉರಿ, ನೋವು, ಚರ್ಮ ನುಣ್ಣಗೆ ಹೊಳೆಯೋದು ಕಂಡ್ರೆ ಗಾಯದ ಕಲೆ ಉಳಿಸೋ ಕಾಯಿಲೆ ಇರಬಹುದು. ಅಲ್ಲಿ ಬುಡನೇ ಸತ್ತುಹೋಗುತ್ತೆ. ಆರು ತಿಂಗಳು ಲೈಟ್ ಹಾಕ್ಕೊಂಡು ಕೂತ್ರೆ ಉಳಿಸೋ ಅವಕಾಶವೂ ಹೋಯ್ತು. ಅಂಥವರು ವಾರದೊಳಗೆ ತೋರಿಸಬೇಕು.

ಮಂಡಕ್ಕಿ_ಗಿರಾಕಿ:
ನಮ್ದು ಎಣ್ಣೆಗೆಂಪು, ಕಪ್ಪು ಮೈಬಣ್ಣ. ನೆತ್ತಿ ಇನ್ನೂ ಕಪ್ಪಾಗಂಗಿಲ್ವಾ?

ಡಯೋಡ್_ಮೇಷ್ಟ್ರು:
ಮೈಬಣ್ಣನ 1ರಿಂದ 6ರ ತನಕ ವರ್ಗ ಮಾಡ್ತಾರೆ, 1 ತೀರಾ ಬಿಳಿ, 6 ತೀರಾ ಕಪ್ಪು. ಅಮೆರಿಕದ ಕ್ಲಿಯರೆನ್ಸ್ ಸಾಮಾನ್ಯವಾಗಿ 1ರಿಂದ 4ಕ್ಕೆ. ನಮ್ಮಲ್ಲಿ 4, 5 ಜಾಸ್ತಿ. 5, 6ಕ್ಕೆ ಹಾನಿ ಅಂತ ಅರ್ಥ ಅಲ್ಲ, ಪ್ರಯೋಗಕ್ಕೆ ಅವರನ್ನ ತಗೊಂಡಿಲ್ಲ. ಕಪ್ಪು ಚರ್ಮ ಬೆಳಕನ್ನ ಜಾಸ್ತಿ ಹೀರೋದ್ರಿಂದ ಬೇಗ ಬೆಚ್ಚಗಾಗಬಹುದು. ಕಪ್ಪಾಗಿಸೋ ವಿಷಯಕ್ಕೆ 415ರ ನೇರಳೆ ನೀಲಿ ಬೆಳಕೇ ಕಳ್ಳ, 630ರ ಕೆಂಪು ಹಾಗೆ ಮಾಡಿಲ್ಲ ಅಂತ ಹೋಲಿಸಿ ನೋಡಿದ್ದಾರೆ. ಮೊದಲ ವಾರ ಅರ್ಧ ಸಮಯ ಹಾಕಿ, ಹಣೆ ಅಂಚು ನೋಡ್ಕೊಂಡು ಪೂರ್ತಿಗೆ ಬನ್ನಿ.

ಸೋಲ್ಡರ್_ಸಿದ್ದ:
ಲೈಟ್ ಬಗ್ಗೆ ಎಲ್ಲಾ ಹೇಳಿದ್ರಿ, ಕರೆಂಟಿನ ಬಗ್ಗೆ ಒಬ್ರೂ ಇಲ್ಲ. ಅಗ್ಗದ ಟೋಪಿ ಬಿಚ್ಚಿ ನೋಡ್ರಿ, ಒಳಗೆ ಬರೀ ಎಲ್‌ಇಡಿ ಪಟ್ಟಿ. ಲೇಸರ್ ಅಂತ ಬರ್ದಿರ್ತತಿ. ಲೇಸರ್ ಗೋಡೆ ಮೇಲೆ ಬಿಟ್ರೆ ಚುಕ್ಕಿ ಚುಕ್ಕಿ ಮಿನುಗು ಕಾಣ್ತತಿ, ಎಲ್‌ಇಡಿ ಬೆಳಕು ನುಣ್ಣಗಿರ್ತತಿ. ಎಲ್‌ಇಡಿ ಇದ್ರೆ ಕೆಟ್ಟದ್ದು ಅಂತಲ್ಲ, ಎರಡೂ ಸೇರಿಸಿದ ಹೆಲ್ಮೆಟ್ಟೂ ಪ್ರಯೋಗ ಆಗೇತಿ. ಸುಳ್ಳು ಬರೆಯೋನು ಬೇರೆದ್ರಲ್ಲೂ ಸುಳ್ಳು ಹೇಳಿರ್ತಾನೆ.

ಅಡಾಪ್ಟರ್ ನೋಡ್ರಿ. ನಮ್ಮ ದೇಶದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತು, ಆರ್ ಅಕ್ಷರದ ಮುಂದೆ ಎಂಟು ಅಂಕಿ ಇರ್ಬೇಕು. ಇಲ್ಲದ ಲಟಾರಿ ಅಡಾಪ್ಟರಲ್ಲಿ 230 ವೋಲ್ಟ್ ಕಡೆಗೂ 5 ವೋಲ್ಟ್ ಕಡೆಗೂ ನಡುವೆ ಅಂತರನೇ ಬಿಟ್ಟಿರಲ್ಲ. ಬೆವರಿದ ತಲೆ ಮೇಲೆ ಶಾಕ್ ಹೊಡೀತತಿ. ಬ್ಯಾಟರಿ ಇರೋದಾದ್ರೆ ಚಾರ್ಜಿಗೆ ಹಾಕಿ ತಲೆಗೆ ಹಾಕ್ಕೋಬಾರ್ದು. ಕರೆಂಟ್ ಹೋಗಿ ಬರೋವಾಗ ವೋಲ್ಟೇಜ್ ಏರಿಳಿತ ಆಗ್ತತಿ, ಆಗ ಪ್ಲಗ್ ಕಿತ್ತಿಡ್ರಿ.

ಬ್ಯಾಸಿಗೆ ಮಧ್ಯಾಹ್ನ 40 ಡಿಗ್ರಿಲಿ ಹಾಕ್ಕೋಬ್ಯಾಡ್ರಿ. ಬಿಸಿ ಏರಿದಂಗೆ ಲೇಸರ್ ಡಯೋಡಿನ ಬೆಳಕು ಇಳೀತತಿ, ಬಾಳಿಕೆನೂ ಕಮ್ಮಿ. ಬೆಳಿಗ್ಗೆ ಇಲ್ಲಾ ರಾತ್ರಿ ಫ್ಯಾನ್ ಕೆಳಗೆ. ಮಸೂರನ ಸ್ಪಿರಿಟ್ ಹಾಕಿ ಉಜ್ಜಿದ್ರೆ ಅಕ್ರಿಲಿಕ್ ಆದ್ರೆ ಸಣ್ಣ ಸಣ್ಣ ಬಿರುಕು ಬರ್ತತಿ, ಒದ್ದೆ ಬಟ್ಟೆ ಹಿಂಡಿ ಒರೆಸಿ ಒಣಗಿಸ್ರಿ.

ಕೋಟೆ_ಕಲ್ಲು:
ಇದೇ ನೋಡಿ ಬೇಕಾಗಿದ್ದು. ನಮ್ಮ ದೇಶದ ಕಾನೂನೂ ಹೇಳ್ತೀನಿ: 2017ರ ವೈದ್ಯಕೀಯ ಸಾಧನ ನಿಯಮ. ಇಲ್ಲೇ ತಯಾರಾಗಿದ್ರೆ ಎಂಡಿ-5 ಅಥವಾ ಎಂಡಿ-9 ಲೈಸೆನ್ಸ್, ಹೊರಗಿಂದ ತರಿಸಿದ್ರೆ ಎಂಡಿ-15. ಲೇಬಲ್ ಮೇಲೆ ನಂಬರ್, ಆಮದು ಮಾಡ್ಕೊಂಡೋರ ವಿಳಾಸ ಇರ್ಬೇಕು. "ಸೌಂದರ್ಯ ಸಾಧನ" ಅಂತ ಬರ್ದು ಕಾಯಿಲೆ ವಾಸಿ ಮಾಡುತ್ತೆ ಅಂತ ಜಾಹೀರಾತು ಹಾಕಿದ್ರೆ ದೂರ ಇರಿ.

ಜಡೆ_ಉದ್ದ:
ಪಾರ್ಲರ್ ಸಿಟ್ಟಿಂಗ್ ಹೆಂಗೆ? ಮನೇಲಿ ಇಟ್ಕೊಳ್ಳೋ ಗೋಜು ಇಲ್ಲ.

ಔಷಧಿ_ಅಂಗಡಿ_ಅಕ್ಕ:
ಒಬ್ಬರ ತಲೆ ಮೇಲಿದ್ದದ್ದು ಇನ್ನೊಬ್ಬರಿಗೆ ಹಾಕಿದ್ರೆ ಹೇನು, ಹುಳುಕಡ್ಡಿ ಎರಡೂ ಬರಬಹುದು. ತಲೆಗೆ ಹೊಸ ತೆಳು ಪ್ಲಾಸ್ಟಿಕ್ ಕ್ಯಾಪ್ ಹಾಕ್ತಾರಾ, ಮೊದಲು ನೆತ್ತಿ ನೋಡ್ತಾರಾ, ಯಾವ ತರಂಗಾಂತರ ಅಂತ ಹೇಳ್ತಾರಾ ಕೇಳಿ. ಹತ್ತು ಸಿಟ್ಟಿಂಗಿಗೆ ದುಡ್ಡು ಮುಂಗಡ ಕೇಳಿದ್ರೆ ಲೆಕ್ಕ ಹಾಕಿ: ಆರು ತಿಂಗಳು, ವಾರಕ್ಕೆ ಮೂರು ಸಲ ಅಂದ್ರೆ 78 ಸಲ ಆಗುತ್ತೆ. ಹತ್ತರಲ್ಲಿ ಏನೂ ಆಗಲ್ಲ. ಬಿಟ್ಟರೆ ಬಂದಿದ್ದೂ ಕೆಲವು ತಿಂಗಳಲ್ಲಿ ಹೋಗುತ್ತೆ.

ಹದಡಿ_ರೋಡ್:
ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಶರಣು. ಇನ್ನೊಂದೇ ಕೇಳ್ತೀನಿ. ನೆತ್ತಿ ಪೂರ್ತಿ ನುಣ್ಣಗಾಗಿ ಹತ್ತು ವರ್ಷ ಆದೋರಿಗೆ?

ಚರ್ಮ_ವಿಭಾಗ:
ಅಪಾಯ ಇಲ್ಲ, ಪ್ರಯೋಜನವೂ ಇಲ್ಲ. ಸಣ್ಣ ತೆಳು ಕೂದಲಾದ್ರೂ ಉಳಿದಿರಬೇಕು, ಅದನ್ನ ದಪ್ಪ ಮಾಡೋ ಪ್ರಯತ್ನ ಇದು. ದುಡ್ಡು ಹಾಕೋ ಮೊದಲು ಕಿಟಕಿ ಬೆಳಕಲ್ಲಿ, ಒಂದೇ ಬೈತಲೆ, ಒಂದೇ ಕೋನದಿಂದ ಫೋಟೋ ತೆಗೆದಿಡಿ, ಮೂರು ತಿಂಗಳಿಗೊಮ್ಮೆ ಹಾಗೇ ತೆಗೀರಿ. ಕನ್ನಡಿ ನಂಬಬೇಡಿ.

ಸೋಲ್ಡರ್_ಸಿದ್ದ:
ತಗೊಂಡ ಮೇಲೆ ಬಿಲ್ಲು, ಡಬ್ಬ ಎಸೀಬ್ಯಾಡ್ರಿ. ಎಷ್ಟೋ ಹೆಲ್ಮೆಟ್‌ನಾಗೆ ಒಂದು ಸಾಲು ಡಯೋಡ್ ಸತ್ರೂ ಗೊತ್ತಾಗಂಗಿಲ್ಲ. ತಿಂಗಳಿಗೊಮ್ಮೆ ಸೆನ್ಸರ್ ಮೇಲೆ ಬಟ್ಟೆ ಇಟ್ಟು ಆನ್ ಮಾಡಿ, ಒಳಗೆ ಇಣುಕದೆ, ಬಿಳಿ ಹಾಳೆ ಹಿಡಿದು ಅದರ ಮೇಲೆ ಬೀಳೋ ಬೆಳಕು ನೋಡ್ರಿ. ಎಲ್ಲಿ ಕತ್ತಲಿರ್ತತೋ ಅಲ್ಲಿ ಡಯೋಡ್ ಹೋಗೇತಿ, ವಾರಂಟಿ ಇರೋವಾಗ್ಲೇ ಕಳಿಸ್ರಿ.